ದಯೆಗೆ ಅಡ್ಡ ನಿಂತ ಅಂಜಿಕೆ

2014ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ನಮ್ಮ ಕೆಂಗೇರಿಯ ಬಿ.ಜಿ.ಎಸ್. ಗ್ಲೋಬಲ್ ಆಸ್ಪತ್ರೆಯಿಂದ ಹೊರಟ ಆಂಬುಲೆನ್ಸೊಂದು, ನಗರದ ಈ ನೈರುತ್ಯ ಮೂಲೆಯಿಂದ ಉತ್ತರದ ತುದಿಯಲ್ಲಿರುವ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ದೀರ್ಘವಾದ ದಾರಿಯನ್ನು, ಬೆಂಗಳೂರಿನ ವಾಹನಸಂದಣಿಯನ್ನು ಬಲ್ಲವರು ನಂಬಲಾಗದ ವೇಗದಲ್ಲಿ ಕ್ರಮಿಸಿತು. ಅದರೊಳಗೆ ರೋಗಿ ಇರಲಿಲ್ಲ. ಮಿದುಳು ಸಂಪೂರ್ಣವಾಗಿ ನಿಷ್ಕ್ರಿಯವಾಗಿ ಬದುಕಿನ ಆಸೆಯೆಲ್ಲ ಮುಗಿದಿದ್ದ ಒಬ್ಬ ಮಹಿಳೆಯ ಹೃದಯವನ್ನು, ಆಕೆಯ ಬಂಧುಗಳು ತಮ್ಮ ಶೋಕದ ಅತ್ಯಂತ ಕಠಿಣವಾದ ಗಳಿಗೆಯಲ್ಲಿ ಸಮ್ಮತಿಯಿತ್ತು ದಾನ ಮಾಡಿದ್ದರಿಂದ, ವೈದ್ಯರು ಶೀತಪೆಟ್ಟಿಗೆಯಲ್ಲಿಟ್ಟು ಚೆನ್ನೈ ನಗರದ ಆಸ್ಪತ್ರೆಯೊಂದರಲ್ಲಿ ಕಾದಿದ್ದ ಅಪರಿಚಿತ ರೋಗಿಗಾಗಿ ಕೊಂಡೊಯ್ಯುತ್ತಿದ್ದರು. ಪೊಲೀಸರು ಅಡ್ಡರಸ್ತೆಗಳನ್ನು ಮುಚ್ಚಿದರು; ಕಚೇರಿಗೆ ಹೊತ್ತಾಗುತ್ತಿದ್ದವರು, ಸರಕು ಸಾಗಿಸುತ್ತಿದ್ದವರು, ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದವರು, ಎಲ್ಲರೂ ರಸ್ತೆಯ ಬದಿಗೆ ಸರಿದು ನಿಂತರು. ಈಗ ಅಂತಹ ವ್ಯವಸ್ಥೆಯನ್ನು ‘ಝೀರೋ ಟ್ರಾಫಿಕ್’ ಎಂಬ ಹೆಸರಿನಿಂದ ಊರ ಮಕ್ಕಳೆಲ್ಲರೂ ಬಲ್ಲರು. ಆಗ ಅದು ಹೊಸತು. ಆದರೂ ಜನ ಗೊಣಗಿದಂತೆ ಕಾಣಲಿಲ್ಲ.

ಅದಾದ ಒಂದೂವರೆ ವರ್ಷಕ್ಕೆ, 2016ರ ಫೆಬ್ರುವರಿ 16ರಂದು, ಗುಬ್ಬಿ ತಾಲ್ಲೂಕಿನ ತನ್ನ ಊರಿಗೆ ಹೋಗಿ ಪಂಚಾಯತಿ ಚುನಾವಣೆಯಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ನಂಜಪ್ಪ ಎಂಬ ಯುವಕ, ನೆಲಮಂಗಲದ ಸಮೀಪ ತುಮಕೂರು ರಸ್ತೆಯಲ್ಲಿ ಲಾರಿಯ ಚಕ್ರಕ್ಕೆ ಸಿಲುಕಿ, ದೇಹ ಎರಡು ಭಾಗವಾಗಿ ಬಿದ್ದನು. ಬಿದ್ದವನಿಗೆ ಪ್ರಜ್ಞೆಯಿತ್ತು. ಸಹಾಯಕ್ಕಾಗಿ ಅಂಗಲಾಚುತ್ತಿದ್ದ ಆತನನ್ನು ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರಿಸಿಕೊಂಡರು. ಆ ಚಿತ್ರಣವನ್ನು ರಾಜ್ಯವೆಲ್ಲವೂ ನೋಡಿ ತಲೆತಗ್ಗಿಸಿತು. ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಆತ ಆ ಸ್ಥಿತಿಯಲ್ಲಿಯೂ ಬೇಡಿಕೊಂಡನೆಂಬುದು, ಆತನ ಕಣ್ಣುಗಳು ಅನ್ಯರಿಗೆ ಬೆಳಕಾಗಲೆಂದು ಸಂಗ್ರಹಿಸಲ್ಪಟ್ಟವೆಂಬುದು, ನೆನೆದಾಗ ಇಂದಿಗೂ ಮಾತು ಹೊರಡಗೊಡದ ಸಂಗತಿ. ದಯೆಯನ್ನು ಬೇಡುತ್ತಿದ್ದವನೇ ಅಲ್ಲಿ ದಯೆಯ ದಾನಿಯಾದನು. ಕೊಡಲು ಶಕ್ತರಾಗಿದ್ದವರು ಪ್ರೇಕ್ಷಕರಾದರು.

ಈ ಎರಡು ಘಟನೆಗಳನ್ನು ಎದುರುಬದುರಾಗಿ ಇರಿಸಿ ನೋಡುವಾಗ ನನಗೆ ತೋರುವುದಿಷ್ಟು. ಕಾಲ ಕೆಟ್ಟಿತು, ಪಟ್ಟಣದವರ ಎದೆ ಕಲ್ಲಾಯಿತು, ಹಳ್ಳಿಯಲ್ಲಿದ್ದ ಮಮತೆ ಇಲ್ಲಿ ಬತ್ತಿತು ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ಕೇಳುವವರು ತಲೆದೂಗುವುದೂ ಸುಲಭ. ಆದರೆ ಮೈಸೂರು ರಸ್ತೆಯ ಬದಿಗೆ ಸರಿದು ಹೃದಯವೊಂದಕ್ಕೆ ದಾರಿ ಬಿಟ್ಟವರೂ, ತುಮಕೂರು ರಸ್ತೆಯಲ್ಲಿ ಸುತ್ತ ನಿಂತು ನೋಡಿದವರೂ, ಬೇರೆ ಬೇರೆ ಲೋಕಗಳಿಂದ ಬಂದವರಲ್ಲ. ಒಂದೇ ನಗರದ, ಒಂದೇ ಬಗೆಯ ಜನ. ಕೋವಿಡ್ ಬಂದಾಗ ಯಾರ ಆಜ್ಞೆಗೂ ಕಾಯದೆ ಬೀದಿಬೀದಿಗಳಲ್ಲಿ ಅನ್ನದ ಪೊಟ್ಟಣ ಹಂಚಿದವರೂ ಇವರೇ. ಮೊದಲನೆಯ ಸಂದರ್ಭದಲ್ಲಿ ತಾವು ಏನು ಮಾಡಬೇಕೆಂಬುದು ಅವರಿಗೆ ಸ್ಪಷ್ಟವಾಗಿತ್ತು, ಮಾಡಿದ್ದರಿಂದ ತಮಗೆ ಯಾವ ಕೇಡೂ ಬಾರದೆಂಬ ಭರವಸೆಯೂ ಇದ್ದಿತು. ಎರಡನೆಯದರಲ್ಲಿ ಇವೆರಡೂ ಇರಲಿಲ್ಲ. ದಯೆಯೆಂಬುದು ನಮ್ಮಲ್ಲಿ ಇಲ್ಲವಾಗಿಲ್ಲ. ಅದರ ಕೈಯನ್ನು ಅಂಜಿಕೆ ಹಿಡಿದುಕೊಂಡಿದೆ. ಆದುದರಿಂದ ದಯೆಯ ಉಪದೇಶಕ್ಕಿಂತ ಮೊದಲು ಆಗಬೇಕಾದದ್ದು ಅಂಜಿಕೆಯ ನಿವಾರಣೆ ಎಂಬುದು ನನ್ನ ಅಭಿಪ್ರಾಯ.

ಈ ಅಂಜಿಕೆ ಕಾರಣವಿಲ್ಲದೆ ಹುಟ್ಟಿದುದಲ್ಲ. ನಮ್ಮ ಕೆಂಗೇರಿ ಉಪನಗರದ ಯಾವುದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತವರೊಡನೆ ಈ ವಿಷಯವನ್ನೆತ್ತಿ ನೋಡಿರಿ: “ನಮಗ್ಯಾಕಪ್ಪ ಪೊಲೀಸ್ ಕೇಸು”, “ಆಮೇಲೆ ಕೋರ್ಟಿಗೆ ಅಲೆಯೋರ್ ಯಾರು”, “ಆಸ್ಪತ್ರೆಯವರು ದುಡ್ಡು ಕಟ್ಟು ಅಂದ್ರೆ ಏನ್ಮಾಡೋದು” ಎಂಬ ಮೂರು ಮಾತುಗಳು ತಪ್ಪದೆ ಬರುತ್ತವೆ. ಮೂರಕ್ಕೂ ಆಧಾರವಾದ ಅನುಭವ ಈ ದೇಶದಲ್ಲಿ ಧಾರಾಳವಾಗಿ ಉಂಟು. 1980ರ ದಶಕದಲ್ಲಿ ದೆಹಲಿಯಲ್ಲಿ ಕಾರು ಬಡಿದು ಗಾಯಗೊಂಡ ಸ್ಕೂಟರು ಸವಾರನೊಬ್ಬನನ್ನು ದಾರಿಹೋಕನು ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ, ಇದು ಪೊಲೀಸು ಮೊಕದ್ದಮೆಗೆ ಸಂಬಂಧಿಸಿದ ಪ್ರಕರಣ, ಇಂಥವನ್ನು ನೋಡತಕ್ಕ ಅಧಿಕಾರ ನಮಗಿಲ್ಲ ಎಂದು ಹೇಳಿ, ಇಪ್ಪತ್ತು ಕಿಲೋಮೀಟರು ಆಚೆಯ ಇನ್ನೊಂದು ಆಸ್ಪತ್ರೆಯ ಹೆಸರನ್ನು ತಿಳಿಸಿದರು. ಸವಾರನು ದಾರಿಯಲ್ಲಿಯೇ ಪ್ರಾಣಬಿಟ್ಟನು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1989ರಲ್ಲಿ ನ್ಯಾಯಾಲಯವು, ಗಾಯಾಳುವಿನ ಪ್ರಾಣವನ್ನುಳಿಸುವುದು ಸರ್ಕಾರಿ ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಪ್ರಥಮ ಕರ್ತವ್ಯವೆಂದೂ, ಕಾನೂನಿನ ವಿಧಿವಿಧಾನಗಳು ಅದರ ಹಿಂದಿನಿಂದ ಬರತಕ್ಕವೆಂದೂ ತೀರ್ಪಿತ್ತಿತು. ಗಮನಿಸತಕ್ಕ ಅಂಶವೇನೆಂದರೆ ಆ ದಾರಿಹೋಕನು ತನ್ನ ಪಾಲಿನ ಧರ್ಮವನ್ನು ಲೋಪವಿಲ್ಲದೆ ನೆರವೇರಿಸಿದ್ದನು. ದಯೆ ಆಸ್ಪತ್ರೆಯ ಬಾಗಿಲಿನವರೆಗೂ ಬಂದಿತ್ತು, ತಡೆದುದು ಬಾಗಿಲು.

ಆ ತೀರ್ಪು ಬಂದ ಮೇಲೂ ಕಾಲು ಶತಮಾನ ಜನರ ಭಯ ಹೋಗಲಿಲ್ಲ. ಹರೀಶನ ಮರಣದ ಮುಂದಿನ ತಿಂಗಳಿನಲ್ಲಿಯೇ ಕರ್ನಾಟಕ ಸರ್ಕಾರವು ಆತನ ಹೆಸರನ್ನಿಟ್ಟು ‘ಮುಖ್ಯಮಂತ್ರಿಗಳ ಸಾಂತ್ವನ–ಹರೀಶ್’ ಯೋಜನೆಯನ್ನು ಜಾರಿಗೆ ತಂದು, ರಾಜ್ಯದ ರಸ್ತೆಗಳಲ್ಲಿ ಅಪಘಾತಕ್ಕೀಡಾದವರು ಯಾವ ನಾಡಿನವರೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗಿನ ವೆಚ್ಚವನ್ನು ತಾನು ವಹಿಸುವುದಾಗಿ ಸಾರಿತು. ಅದೇ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆಂದು ಕೇಂದ್ರವು ರೂಪಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು. ಇಂತಹ ನೆರವಿಗರ ರಕ್ಷಣೆಗೆ ಸ್ವಂತ ಕಾಯಿದೆಯನ್ನು ರಚಿಸಿಕೊಂಡ ಮೊದಲ ರಾಜ್ಯ ನಮ್ಮದೇ. 2016ರ ಆ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಗೇ 134-ಎ ಎಂಬ ಹೊಸ ಕಲಮು ಸೇರಿತು. 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದುವು.

ಈ ನಿಯಮಗಳ ಸಾರವನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. ಪ್ರತಿಫಲವನ್ನಪೇಕ್ಷಿಸದೆ, ಸದ್ಭಾವದಿಂದ, ಸ್ವಂತ ಇಚ್ಛೆಯಿಂದ ಗಾಯಾಳುವಿಗೆ ನೆರವಾದವನು, ಆ ನೆರವಿನ ಸಂದರ್ಭದಲ್ಲಿ ತಿಳಿಯದೆ ಆದ ಲೋಪಕ್ಕಾಗಿ ಸಿವಿಲ್ ದಾವೆಗಾಗಲಿ ಕ್ರಿಮಿನಲ್ ಮೊಕದ್ದಮೆಗಾಗಲಿ ಗುರಿಯಾಗತಕ್ಕವನಲ್ಲ. ಆತನ ಹೆಸರು, ವಿಳಾಸ, ಗುರುತುಗಳನ್ನು ಹೇಳೆಂದು ಪೊಲೀಸರಾಗಲಿ ಮತ್ತಾರೇ ಆಗಲಿ ಒತ್ತಾಯಿಸುವಂತಿಲ್ಲ. ಹೇಳುವುದು ಬಿಡುವುದು ಆತನ ಇಷ್ಟ. ತಾನಾಗಿ ಸಾಕ್ಷಿ ನುಡಿಯಲು ಒಪ್ಪಿದನೋ, ಆಗ ಅವನಿಗೆ ಅನುಕೂಲವಾದ ಸ್ಥಳದಲ್ಲಿ, ಅನುಕೂಲವಾದ ಹೊತ್ತಿನಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಒಂದೇ ಸಲಕ್ಕೆ ವಿಚಾರಣೆಯನ್ನು ಮುಗಿಸಬೇಕು. ಮತ, ಜಾತಿ, ಲಿಂಗ, ದೇಶಗಳ ಭೇದವೆಣಿಸದೆ ಅವನನ್ನು ಗೌರವದಿಂದ ಕಾಣತಕ್ಕದ್ದು. ಹಣದ ಭಯಕ್ಕೂ ಉತ್ತರವುಂಟು: 2025ರ ಮೇ ತಿಂಗಳಿನಿಂದ ದೇಶಾದ್ಯಂತ ಅಪಘಾತದ ಗಾಯಾಳುವಿಗೆ ಏಳು ದಿನಗಳ ಮಟ್ಟಿಗೆ ಒಂದೂವರೆ ಲಕ್ಷ ರೂಪಾಯಿಗಳವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟವಾಗಿದೆ. ಹೋಟೆಲಿನ ಮೂರು ಪ್ರಶ್ನೆಗಳಿಗೂ ಶಾಸನವು ಹೀಗೆ ಒಂದೊಂದಾಗಿ ಉತ್ತರಿಸಿಬಿಟ್ಟಿದೆ. ಹೋಟೆಲಿಗೆ ಮಾತ್ರ ಅದು ಇನ್ನೂ ತಲುಪಿಲ್ಲ. ನೆರವಿಗನಿಗೆ ಸರ್ಕಾರ ಕೊಡುವ ಬಹುಮಾನ 25,000 ರೂಪಾಯಿಗೆ ಏರಿದೆಯೆಂಬ ಸುದ್ದಿ ಮಾತ್ರ ಎಲ್ಲರ ಕಿವಿಗೂ ಬಿದ್ದಿದೆ! ಬಹುಮಾನಕ್ಕಾಗಿ ಯಾರೂ ರಕ್ತದ ಮಡುವಿಗೆ ಕೈಹಾಕುವುದಿಲ್ಲ. ಹೆದರಿಕೆಯಿಲ್ಲವೆಂದು ತಿಳಿದರೆ ಹಾಕುತ್ತಾರೆ.

ಈ ಕಾನೂನುಗಳಿಗೆ ‘ಗುಡ್ ಸಮಾರಿಟನ್’ ಎಂಬ ಹೆಸರು ಬಂದುದು ಯೇಸುವು ಹೇಳಿದ ಒಂದು ದೃಷ್ಟಾಂತದಿಂದ. ಯೆರೂಸಲೇಮಿನಿಂದ ಯೆರಿಕೋ ಎಂಬ ಊರಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಪುರೋಹಿತನೊಬ್ಬನು ಕಂಡೂ ಕಾಣದಂತೆ ದಾಟಿಹೋಗಲು, ದೇವಾಲಯದ ಸೇವಕನೂ ಹಾಗೆಯೇ ದಾಟಲು, ಆ ಜನ ಹೀನಾಯವಾಗಿ ಕಾಣುತ್ತಿದ್ದ ಸಮಾರ್ಯದವನು ನಿಂತು ಗಾಯ ಕಟ್ಟಿದನೆಂಬುದು ಕಥೆ. ಎಲ್ಲರೂ ಸಮಾರ್ಯದವನನ್ನು ಹೊಗಳುತ್ತಾರೆ; ನನಗೆ ಆ ಕಥೆಯ ಕೊನೆಯಲ್ಲಿ ಸುಳಿದುಹೋಗುವ ಛತ್ರದವನ ಮೇಲೆ ಕಣ್ಣು. ಗಾಯಾಳುವನ್ನು ಅವನ ವಶಕ್ಕೊಪ್ಪಿಸಿ, ಎರಡು ನಾಣ್ಯಗಳನ್ನಿತ್ತು, ಹೆಚ್ಚಿನ ವೆಚ್ಚವಾದರೆ ಮರಳುವಾಗ ಕೊಡುವೆನೆಂದು ಹೇಳಿ, ಸಮಾರ್ಯದವನು ತನ್ನ ಪ್ರಯಾಣವನ್ನು ಮುಂದುವರಿಸುತ್ತಾನೆ. ಛತ್ರದವನು ಹೆಸರು ಕೇಳಲಿಲ್ಲ, ಸಾಕ್ಷಿಗೆ ನಿಲ್ಲಿಸಲಿಲ್ಲ, ಮುಂಗಡ ಸಾಲದೆನ್ನಲಿಲ್ಲ. ಆ ದಾರಿಯಲ್ಲಿ ಅಂತಹದೊಂದು ಛತ್ರವಿಲ್ಲದೆ ಹೋಗಿದ್ದರೆ ಸಮಾರ್ಯದವನ ಕರುಣೆ ಏನಾಗುತ್ತಿತ್ತೆಂದು ಪ್ರವಚನಕಾರರು ಕೇಳುವುದು ಅಪೂರ್ವ.

ಇದೇ ಕಥೆಯನ್ನು ಹಿಡಿದು 1970ರ ದಶಕದ ಆದಿಯಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡಾರ್ಲಿ, ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ನಡೆಸಿದರು. ಮುಂದೆ ಪಾದ್ರಿಗಳಾಗತಕ್ಕ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡದಲ್ಲಿ ಭಾಷಣ ಮಾಡಲು ಕಳುಹಿಸಿ, ದಾರಿಯಲ್ಲಿ ನರಳುತ್ತ ಕುಸಿದಿರುವವನೊಬ್ಬನನ್ನು ಕೂರಿಸಿದ್ದರು. ಕೆಲವರ ಭಾಷಣದ ವಿಷಯವು ಈ ದೃಷ್ಟಾಂತವೇ ಆಗಿತ್ತು. ಬೇಕಾದಷ್ಟು ಹೊತ್ತಿದೆಯೆಂದು ತಿಳಿದಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ಆಗಲೇ ತಡವಾಗಿದೆ, ಓಡಿರಿ ಎನ್ನಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10 ಮಂದಿ. ಮನಸ್ಸಿನಲ್ಲಿದ್ದ ಧರ್ಮಗ್ರಂಥಕ್ಕಿಂತ ಗಡಿಯಾರವೇ ಬಲವಾಯಿತು. ಅವಸರವನ್ನೇ ಉಸಿರಾಗಿಸಿಕೊಂಡ ನಮ್ಮೂರಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂದಿತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟವನ್ನು ಮುಟ್ಟಿತು. ಆ ಮಧ್ಯೆ 2023ರ ಮಾರ್ಚಿನಲ್ಲಿ, ಇಲ್ಲಿಂದಲೇ ಆರಂಭವಾಗುವಂತೆ ಮೈಸೂರಿಗೆ 118 ಕಿಲೋಮೀಟರಿನ ದಶಪಥ ಉದ್ಘಾಟನೆಯಾಯಿತು. ಆ ಹೆದ್ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿಯೇ ಎಷ್ಟೋ ಪ್ರಾಣಗಳು ಹೋಗಿ, ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೊಗಳ ಸಂಚಾರವನ್ನು ನಿಷೇಧಿಸಬೇಕಾಯಿತು. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ನೂರು ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ರಸ್ತೆಯ ಬದಿಯ ಮನುಷ್ಯ ಒಂದು ಗಳಿಗೆಯ ಮಸುಕು ಮಾತ್ರ. ಅವನನ್ನು ಕಟುಕನೆಂದು ಜರೆಯುವುದಕ್ಕಿಂತ, ಅವನು ಎಲ್ಲಿ ನಿಲ್ಲಬಹುದು, ನಿಂತು ಯಾರಿಗೆ ಕರೆಮಾಡಬೇಕು ಎಂಬುದನ್ನು ಗೊತ್ತುಮಾಡಿಕೊಡುವುದು ಬುದ್ಧಿವಂತಿಕೆ. ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಓಡಾಡುತ್ತಿರುವ 108ರ ವಾಹನಗಳು ಈ ದಾರಿಯಲ್ಲಿ ಇಟ್ಟ ಮೊದಲ ದೊಡ್ಡ ಹೆಜ್ಜೆ.

ಹಾಗೆಂದು ಅಂತರಂಗದ ದಯೆಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಕನ್ನಡದಲ್ಲಿ ಜನ್ನ ಕವಿಯು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದು, ಅಂತರಂಗದ ಲೆಕ್ಕ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಎಲ್ಲ ಕಾಲಕ್ಕೂ ತೋರಿಸಿಕೊಟ್ಟಿದ್ದಾನೆ. ಯಶೋಧರನು ಜೀವವಿದ್ದ ಪ್ರಾಣಿಯನ್ನು ಕೊಂದವನಲ್ಲ. ತಾಯಿಯ ಮಾತಿಗೆ ಕಟ್ಟುಬಿದ್ದು, ಹಿಂಸೆಯನ್ನು ತಪ್ಪಿಸಿಕೊಂಡೆನೆಂಬ ಸಮಾಧಾನದಿಂದ, ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟವನು. ಅಷ್ಟಕ್ಕೇ, ಸಂಕಲ್ಪದಲ್ಲಿ ಕೊಲೆಯಿದ್ದುದರಿಂದ, ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನು ತಾಳಿ ತೊಳಲಬೇಕಾಯಿತು. ಆ ತೊಳಲಾಟದ ಕಥೆಯನ್ನು ಕೇಳಿಯೇ, ಬಲಿಪೀಠದ ಮುಂದೆ ಕತ್ತಿ ಹಿಡಿದು ನಿಂತಿದ್ದ ಮಾರಿದತ್ತ ರಾಜನಲ್ಲಿ ಕರುಣೆ ಹುಟ್ಟಿತು. ಹೇಳಿದವರು ಬಲಿಗೆಂದು ಹಿಡಿದು ತಂದಿದ್ದ ಬಾಲಕ ಬಾಲಿಕೆಯರು. ಹಿಂಸೆಯ ವಿಷಯದಲ್ಲಿ ಸಂಕಲ್ಪವೇ ಸಾಕೆಂಬ ಈ ಕಠೋರ ನ್ಯಾಯವನ್ನು ಓದಿದ ನಮಗೆ, ದಯೆಯ ವಿಷಯದಲ್ಲಿಯೂ ಸಂಕಲ್ಪ ಸಾಕೆಂದು ಸಮಾಧಾನಪಟ್ಟುಕೊಳ್ಳುವ ಆಸೆಯಾಗುವುದು ಸಹಜ. ಪರದೆಯ ಮೇಲಿನ ದುಃಖವನ್ನು ಕಂಡು ಕಣ್ಣೊದ್ದೆ ಮಾಡಿಕೊಂಡು, ನಾಲ್ವರಿಗೆ ಅದನ್ನು ಕಳುಹಿಸಿ, ಕೈಮುಗಿದ ಚಿತ್ರವೊಂದನ್ನು ಒತ್ತಿ, ಹಗುರಾಗಿ ಊಟಕ್ಕೇಳುವ ನಮ್ಮ ಈಗಿನ ರೂಢಿಯಲ್ಲಿ ನಾನು ಕಾಣುವುದು ಆ ಹಿಟ್ಟಿನ ಕೋಳಿಯನ್ನೇ, ತಿರುವುಮುರುವಾಗಿ: ಅಲ್ಲಿ ಕೃತ್ಯವಿಲ್ಲದ ಹಿಂಸೆ, ಇಲ್ಲಿ ಕೃತ್ಯವಿಲ್ಲದ ದಯೆ. ಕೊಪ್ಪಳದಲ್ಲಿ 2017ರ ಫೆಬ್ರುವರಿಯಲ್ಲಿ ಬಸ್ಸಿನಡಿಗೆ ಸಿಲುಕಿದ ಹದಿಹರೆಯದ ಹುಡುಗನೊಬ್ಬ ರಕ್ತ ಸುರಿಸುತ್ತ ಬಿದ್ದಿದ್ದಾಗ ಚಿತ್ರ ತೆಗೆದವರೂ, ಆ ಚಿತ್ರವನ್ನು ಮನೆಯಲ್ಲಿ ಕುಳಿತು ನೋಡಿ ಮರುಗಿದ ನಾವೂ, ಆ ಹುಡುಗನ ಪಾಲಿಗೆ ಒಂದೇ.

ನಮ್ಮ ಕೆಂಗೇರಿಯ ಮೂಲಕ ಹಾದುಹೋಗುವ ಇನ್ನೊಂದು ದಾರಿಯ ಚರಿತ್ರೆಯು ಈ ವಿಚಾರಕ್ಕೆ ಬೇರೆಯೇ ಆದ ಬೆಳಕನ್ನು ಚೆಲ್ಲುತ್ತದೆ. ಧಾತು, ಈಶ್ವರ ಎಂಬ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯ ಮೇಲೆರಗಿದ ಮಹಾಕ್ಷಾಮವು ಎಂತಹುದೆಂದರೆ, 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಕೂಲಿ ಕೊಟ್ಟು ಪ್ರಾಣವುಳಿಸುವ ಕಾಮಗಾರಿಗಳಲ್ಲೊಂದಾಗಿ ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿಯ ಮಣ್ಣಿನ ಕೆಲಸವನ್ನು ಕೈಗೊಳ್ಳಲಾಯಿತು. 1882ರ ಹೊತ್ತಿಗೆ ರೈಲು ಮೈಸೂರನ್ನು ಮುಟ್ಟಿತು. ಇಂದು ಬೆಳಗಿನ ಗಾಡಿಗೆಂದು ಕೆಂಗೇರಿ ನಿಲ್ದಾಣಕ್ಕೆ ಧಾವಿಸುವವರು ಆ ದಂಡೆಯ ಮಣ್ಣನ್ನು ಹೊತ್ತವರು ಎಂತಹ ಜನರೆಂಬುದನ್ನು ನೆನೆಯುವುದಿಲ್ಲ. ನೆನೆಯಬೇಕೆಂದು ನಾನು ಒತ್ತಾಯಪಡಿಸಲಾರೆ. ಆದರೆ ಆಗ ನಡೆದ ಒಂದು ವಾದವನ್ನು ಮರೆಯಬಾರದು. ನೆರೆಯ ಮದರಾಸು ಪ್ರಾಂತ್ಯದಲ್ಲಿ ಕ್ಷಾಮಪರಿಹಾರದ ವೆಚ್ಚವನ್ನು ಹಿಡಿತಕ್ಕೆ ತರಲೆಂದು ಕಳುಹಿಸಲ್ಪಟ್ಟ ಸರ್ ರಿಚರ್ಡ್ ಟೆಂಪಲ್ಲನು 1877ರಲ್ಲಿ, ದುಡಿಯುವ ಪ್ರೌಢ ವ್ಯಕ್ತಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯಕ್ಕೂ ಅದರ ಮೇಲೆ ಪುಡಿಗಾಸಿಗೂ ಇಳಿಸಿದನು. ಮನುಷ್ಯನು ಒಂದು ಪೌಂಡಿನಿಂದ ಬದುಕಿ ಮಣ್ಣು ಹೊರಲಾರನೆಂದು ಆ ಪ್ರಾಂತ್ಯದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಲೆಕ್ಕಪತ್ರಗಳೊಡನೆ ಹೋರಾಡಿದನು. ಕೆಲವು ತಿಂಗಳುಗಳ ತರುವಾಯ ಮದರಾಸು ಸರ್ಕಾರವು ಕೂಲಿಯನ್ನು ಏರಿಸಿತು. ಇಬ್ಬರೂ ಅಧಿಕಾರಿಗಳೇ, ಇಬ್ಬರ ಕೈಯಲ್ಲಿದ್ದುದೂ ಅಂಕಿಗಳೇ. ಒಬ್ಬನು ಬೊಕ್ಕಸವನ್ನು ಮೊದಲಿಟ್ಟು ಹಸಿವನ್ನು ಅಳೆದನು. ಇನ್ನೊಬ್ಬನು ಹಸಿದವನ ದೇಹವನ್ನು ಮೊದಲಿಟ್ಟು ಬೊಕ್ಕಸವನ್ನು ಅಳೆದನು. ಆ ಕ್ಷಾಮದ ಅನುಭವದಿಂದ ಮುಂದೆ ಕ್ಷಾಮ ಆಯೋಗವೂ, 1880ರ ದಶಕದಲ್ಲಿ ಕ್ಷಾಮಸಂಹಿತೆಗಳೂ ಹುಟ್ಟಿದುವು. ಲಕ್ಷಾಂತರ ಜನ ಸತ್ತ ಮೇಲೆ ದಯೆಗೆ ಒಂದು ಕೈಪಿಡಿ ದೊರೆಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು, ಬರಲೂಬೇಕು. ಎಲ್ಲವನ್ನೂ ಶಾಸನಕ್ಕೂ ಇಲಾಖೆಗೂ ಒಪ್ಪಿಸಿದರೆ, ತೆರಿಗೆ ಕಟ್ಟಿದೆನಲ್ಲ, ನನ್ನ ದಯೆ ಅಲ್ಲಿಗೆ ಮುಗಿಯಿತು ಎಂದು ನಾಗರಿಕನು ಕೈತೊಳೆದುಕೊಳ್ಳುವನಲ್ಲವೆ? ಈ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ಅದಕ್ಕೆ ದೃಷ್ಟಾಂತವು ನಮ್ಮ ಪಶ್ಚಿಮ ಬೆಂಗಳೂರಿನಲ್ಲಿಯೇ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ, ಮನೆಯ ಆಸ್ತಿ ತೆರಿಗೆಯೊಡನೆ ನೂರಕ್ಕೆ ಮೂರರಂತೆ ಭಿಕ್ಷುಕರ ಪರಿಹಾರದ ಉಪಕರವನ್ನು ನಾವೆಲ್ಲರೂ ಕಟ್ಟುತ್ತ ಬಂದಿದ್ದೇವೆ. ರಶೀದಿಯನ್ನು ಓದದವರಿಗೆ ಅದು ತಿಳಿಯದಿರಬಹುದು. ಆ ಹಣದಿಂದ ನಡೆಯತಕ್ಕ ನಿರಾಶ್ರಿತರ ಪರಿಹಾರ ಕೇಂದ್ರವು ಮಾಗಡಿ ರಸ್ತೆಯಲ್ಲಿ, ಕುಷ್ಠರೋಗದಿಂದ ಬಳಲಿದವರಿಗೆ ದಶಕಗಳಿಂದ ಆಸರೆಯಾಗಿರುವ ಸುಮನಹಳ್ಳಿಗೆ ಸಮೀಪದಲ್ಲಿಯೇ ಇದೆ. 2010ರ ಆಗಸ್ಟಿನಲ್ಲಿ, ಕೆಲವೇ ದಿನಗಳ ಅವಧಿಯೊಳಗೆ ಆ ಕೇಂದ್ರದ ನಿವಾಸಿಗಳು ಇಪ್ಪತ್ತಕ್ಕೂ ಹೆಚ್ಚು ಮಂದಿ ಒಬ್ಬರ ಹಿಂದೊಬ್ಬರು ಸತ್ತರು. ಕಾಯಿದೆಯಿತ್ತು, ಕಟ್ಟಡವಿತ್ತು, ಕರವಿತ್ತು. ಬೀದಿಯಿಂದ ಬಡವರನ್ನು ತೆಗೆದು ಕಣ್ಣಿನ ಆಚೆಗೆ ಇರಿಸಿದ್ದೂ ಆಗಿತ್ತು. ಕಣ್ಣಿನ ಆಚೆ ಇದ್ದುದರಿಂದಲೇ ಅವರು ಸತ್ತಾಗಲ್ಲದೆ ಯಾರಿಗೂ ಕಾಣಲಿಲ್ಲ. ಭಿಕ್ಷುಕನೆಂಬವನು ಬಸ್ ನಿಲ್ದಾಣದಲ್ಲಿ ಕೈಯೊಡ್ಡಿ ನಿಂತಾಗ ನಮಗಾಗುವ ಕಿರಿಕಿರಿಯಲ್ಲಿಯೂ ಒಂದು ಬಗೆಯ ಸಂಬಂಧವಿದೆ. ಉಪಕರದಲ್ಲಿ ಅದೂ ಇಲ್ಲ.

ಆದುದರಿಂದ ವ್ಯವಸ್ಥೆಯನ್ನು ಕೇಳುವವನು ಅದನ್ನು ಆಗಾಗ ಹೋಗಿ ಇಣಿಕಿ ನೋಡುವ ಹೊಣೆಯನ್ನೂ ಹೊರಬೇಕಾಗುತ್ತದೆ. ಆ ಪರಿಹಾರ ಕೇಂದ್ರಕ್ಕೆಂದು ಕರ ಕಟ್ಟುವವರಲ್ಲಿ ನೂರಕ್ಕೊಬ್ಬರು ವರ್ಷಕ್ಕೊಮ್ಮೆ ಅದರ ಬಾಗಿಲಿಗೆ ಹೋಗಿ, ಒಳಗಿನವರಿಗೆ ಇಂದು ಏನು ಊಟ ಎಂದು ಕೇಳಿದ್ದಿದ್ದರೆ, ಆ ಆಗಸ್ಟು ಹಾಗೆ ಆಗುತ್ತಿರಲಿಲ್ಲವೆಂದು ನಂಬಲು ನನಗೆ ಮನಸ್ಸಾಗುತ್ತದೆ. ಇದಕ್ಕೆ ವಿರುದ್ಧವಾದ, ಸಂತೋಷದ ನಿದರ್ಶನವೂ ಸನಿಹದಲ್ಲಿಯೇ ಉಂಟು. ಉತ್ತರಹಳ್ಳಿಯಿಂದ ಕೆಂಗೇರಿಗೆ ಬರುವ ರಸ್ತೆಯಲ್ಲಿ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆಯವರ ವನ್ಯಜೀವಿ ಆಸ್ಪತ್ರೆಯಿದೆ. ನಗರದೊಳಗೆ ನಮ್ಮ ಜೊತೆಗೇ, ನಮ್ಮ ಗಮನಕ್ಕೆ ಬಾರದೆ ಬಾಳುವ ಹದ್ದು, ಗೂಬೆ, ಅಳಿಲು, ಹಾವು, ಕೋತಿಗಳೇ ಅಲ್ಲಿಯ ರೋಗಿಗಳು. ಗಾಳಿಪಟದ ಗಾಜುಪುಡಿಯ ದಾರಕ್ಕೆ, ಮಾಂಜಾ ಎಂದು ಹುಡುಗರು ಕರೆಯುವ ಆ ಹುರಿಗೆ, ರೆಕ್ಕೆ ಸಿಲುಕಿ ಮರದಲ್ಲಿ ನೇತಾಡುವ ಹದ್ದನ್ನು ಇಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಆಟೊದಲ್ಲಿ ಅಲ್ಲಿಗೊಯ್ಯುವವರಿಗೆ ಪುಣ್ಯದ ಲೆಕ್ಕವಾಗಲಿ ಕೃತಜ್ಞತೆಯಾಗಲಿ ಸಿಗುವುದಿಲ್ಲ. ಬಿಡಿಸಿದ ಕೈಯನ್ನು ಹದ್ದು ಕುಕ್ಕುವುದೂ ಉಂಟು. ನೈಲಾನಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶಾದ್ಯಂತ ನಿಷೇಧಿಸಿದೆ, ಆಷಾಢದ ಗಾಳಿಗೆ ಅದು ಪ್ರತಿವರ್ಷವೂ ಮಾರಾಟವಾಗುತ್ತಲೇ ಇದೆ, ಅದು ಬೇರೆ ಮಾತು. ಜನರು ಅಲ್ಲಿಗೆ ಹದ್ದನ್ನು ಅಂಜದೆ ಒಯ್ಯುವುದಕ್ಕೆ ಕಾರಣವೇನೆಂದು ಯೋಚಿಸಿದರೆ, ಒಯ್ದವರನ್ನು ಅಪರಾಧಿಯಂತೆ ಯಾರೂ ನೋಡುವುದಿಲ್ಲವೆಂಬುದೇ. ಹದ್ದಿಗೆ ದೊರೆತ ಈ ಸೌಕರ್ಯ ಮನುಷ್ಯನಿಗೂ ದೊರೆಯಲೆಂದು ಕೇಳಿದರೆ ಅದು ಅತಿಯಾಸೆಯೆ?

ಚಿತ್ರನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ, ಅವರ ಎರಡು ಕಣ್ಣುಗಳ ಪಾರದರ್ಶಕ ಪಟಲವನ್ನು ಪದರ ಪದರವಾಗಿ ಬೇರ್ಪಡಿಸಿ ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಬಳಿಕ ನೇತ್ರದಾನದ ಪ್ರತಿಜ್ಞಾಪತ್ರಗಳು ಪ್ರವಾಹದಂತೆ ಬಂದುವು. ಅಭಿಮಾನದ ಅಲೆಯೆಂದು ಇದನ್ನು ಹಗುರಾಗಿ ಕಂಡವರಿದ್ದಾರೆ. ಆ ಆಸ್ಪತ್ರೆಯ ನೇತ್ರಬ್ಯಾಂಕು ಅವರ ತಂದೆ ರಾಜ್‌ಕುಮಾರರ ಹೆಸರಿನಲ್ಲಿ 1994ರಿಂದ ಅಲ್ಲಿ ಬಾಗಿಲು ತೆರೆದು ಕುಳಿತಿರದಿದ್ದರೆ, ಆರು ಗಂಟೆಗಳೊಳಗೆ ಮನೆಗೆ ಬಂದು ಕಣ್ಣನ್ನು ಪಡೆಯುವವರಿದ್ದಾರೆಂಬುದು ಊರಿಗೆಲ್ಲ ತಿಳಿದಿರದಿದ್ದರೆ, ಆ ಅಲೆ ಬಂದ ಹಾಗೆಯೇ ಹಿಂದಿರುಗುತ್ತಿತ್ತು. ಅಭಿಮಾನಕ್ಕೆ ಹೋಗಿ ಸೇರಲು ಒಂದು ವಿಳಾಸವಿತ್ತು.

ರಸ್ತೆಯಲ್ಲಿ ಬಿದ್ದವನ ವಿಷಯದಲ್ಲಿಯೂ ಇಷ್ಟೇ ಸರಳವಾದುದನ್ನು ನಮ್ಮ ಉಪನಗರದಲ್ಲಿ ಮಾಡಬಹುದು, ಮತ್ತು ಅದಕ್ಕೆ ಹೊಸ ಕಾಯಿದೆಯ ಅವಶ್ಯಕತೆಯಿಲ್ಲ. ಕೆಂಗೇರಿಯ ಬಸ್ ನಿಲ್ದಾಣದಲ್ಲಿಯೂ ಮೆಟ್ರೊ ನಿಲ್ದಾಣದ ಮುಂದೆಯೂ ಸರದಿಯಲ್ಲಿ ನಿಲ್ಲುವ ಆಟೊ ಚಾಲಕರೇ ಎಷ್ಟೋ ಅಪಘಾತಗಳಲ್ಲಿ ಮೊದಲು ತಲುಪುವವರು; ರಕ್ತಸ್ರಾವವನ್ನು ಬಟ್ಟೆಯಿಂದ ಒತ್ತಿ ನಿಲ್ಲಿಸುವುದು, ಬೆನ್ನುಮೂಳೆಗೆ ಪೆಟ್ಟಾಗಿರಬಹುದಾದವನನ್ನು ಎಳೆದಾಡದಿರುವುದು, ಪ್ರಜ್ಞೆತಪ್ಪಿದವನ ಬಾಯಿಗೆ ನೀರು ಹುಯ್ಯದಿರುವುದು, ಇಷ್ಟನ್ನು ಅವರಿಗೆ ಕಲಿಸುವುದಕ್ಕೆ ಒಂದು ಭಾನುವಾರ ಸಾಕು. ಉಪನಗರದ ಕ್ಷೇಮಾಭಿವೃದ್ಧಿ ಸಂಘಗಳವರು ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರೆ ಕನ್ನಡಮ್ಮನೇನೂ ಮುನಿಯಳು.

ಎರಡನೆಯದು ಇನ್ನೂ ಸುಲಭ. 2020ರ ನಿಯಮಗಳ ಪ್ರಕಾರ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಂದು ಆಸ್ಪತ್ರೆಯೂ ನೆರವಿಗನ ಹಕ್ಕುಗಳನ್ನು ಹಿಂದಿ, ಇಂಗ್ಲಿಷುಗಳಲ್ಲದೆ ಆಯಾ ಪ್ರಾಂತ್ಯದ ಭಾಷೆಯಲ್ಲಿಯೂ ಬರೆದು, ಪ್ರವೇಶದ್ವಾರದಲ್ಲಿ ಅಥವಾ ಎದ್ದುಕಾಣುವ ಮತ್ತೊಂದು ಸ್ಥಳದಲ್ಲಿ ತೂಗುಹಾಕತಕ್ಕದ್ದು. ಮೈಸೂರು ರಸ್ತೆಯ ಎರಡು ಬದಿಗಳಲ್ಲಿ ದೊಡ್ಡವೂ ಸಣ್ಣವೂ ಆದ ಆಸ್ಪತ್ರೆಗಳು ಬೇಕಾದಷ್ಟಿವೆ. ರಕ್ತಪರೀಕ್ಷೆಗೋ ನೆಂಟರನ್ನು ನೋಡಿಬರುವುದಕ್ಕೋ ನಾವೆಲ್ಲರೂ ಅವುಗಳಿಗೆ ಹೋಗುತ್ತಲೇ ಇರುತ್ತೇವೆ. ಮುಂದಿನ ಸಲ ಹೋದಾಗ ಆ ಫಲಕ ಎಲ್ಲಿದೆಯೆಂದು ಮುಂಬಾಗಿಲ ಮೇಜಿನಲ್ಲಿ ಕುಳಿತವರನ್ನು ವಿನಯವಾಗಿ ಕೇಳಿರಿ. ಇಂಗ್ಲಿಷಿನಲ್ಲಿ ಮಾತ್ರವಿದ್ದರೆ ಕನ್ನಡದ್ದು ಯಾವಾಗ ಬರುವುದೆಂದು ಕೇಳಿರಿ. ಫಲಕವೇ ಇಲ್ಲವೆಂದರೆ, ಆಸ್ಪತ್ರೆಯ ಹೆಸರು, ಹೋದ ದಿನಾಂಕಗಳನ್ನು ಬರೆದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಕಾಗದ ಹಾಕಿರಿ. ಅದರ ಪ್ರತಿಯೊಂದನ್ನು ನಿಮ್ಮಲ್ಲಿಯೇ ಇಟ್ಟುಕೊಂಡು, ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಹೋಗಿ ನೋಡಿರಿ.